ವಿದ್ಧವೂ ಅವಿದ್ಧವೂ: ಮನೆಮಾರಾಟದ ಛಾಯಾಚಿತ್ರಗಳಲ್ಲಿ ಯಂತ್ರಸಂಸ್ಕಾರದ ವಿಚಾರ

೧

ಮಾರಾಟಕ್ಕಿಟ್ಟ ಮನೆಯ ಛಾಯಾಚಿತ್ರವು ವಿಮರ್ಶೆಗೆ ತಕ್ಕ ವಸ್ತುವೆ ಎಂದು ಕೆಲವರು ಕೇಳಬಹುದು. ಕಾವ್ಯ, ಶಾಸನ, ಶಿಲ್ಪಗಳ ಪರಾಮರ್ಶೆಗೆ ಮೀಸಲಾದ ಪುಟಗಳಲ್ಲಿ ದಲ್ಲಾಳಿಯ ಸರಕಿಗೆ ಏನು ಎಡೆ ಎಂಬ ಆಕ್ಷೇಪವೂ ಬರಬಹುದು. ಅದಕ್ಕೆ ನಮ್ಮ ಸಮಾಧಾನವಿಷ್ಟೆ: ಇಂದು ನಮ್ಮ ನಾಡಿನ ಸಾಮಾನ್ಯ ಗೃಹಸ್ಥನು ಮನಸ್ಸಿಟ್ಟು ನೋಡುವ ಕೆಲವೇ ಚಿತ್ರಗಳಲ್ಲಿ ಇದೂ ಒಂದು. ಚಿತ್ರಶಾಲೆಯಲ್ಲಿ ಪಟದ ಮುಂದೆ ಅರೆಗಳಿಗೆ ನಿಲ್ಲದವನೂ ತಾನು ಕೊಳ್ಳಬೇಕೆಂದಿರುವ ಮನೆಯ ಚಿತ್ರವನ್ನು ಬೆರಳಿನಿಂದ ಹಿಗ್ಗಿಸಿ, ಗೋಡೆಯ ಮೂಲೆಯನ್ನೂ ಮಾಳಿಗೆಯ ಅಂಚನ್ನೂ ಪರೀಕ್ಷಿಸುತ್ತಾನೆ; ಮನೆಯವರಿಗೆ ತೋರಿಸುತ್ತಾನೆ; ರಾತ್ರಿ ಮತ್ತೊಮ್ಮೆ ತೆಗೆದು ನೋಡುತ್ತಾನೆ. ಕೊನೆಗೆ ಆ ಚಿತ್ರದ ಬಲದ ಮೇಲೆ ತನ್ನ ಗಳಿಕೆಯ ಒಂದು ಭಾಗವನ್ನು ಸಂಚಕಾರವಾಗಿ ಕೊಟ್ಟುಬಿಡುವುದೂ ಉಂಟು. ಇಷ್ಟು ಶ್ರದ್ಧೆಯಿಂದ ನೋಡಲ್ಪಡುವ ಚಿತ್ರವನ್ನು ವಿಮರ್ಶೆಯು ನೋಡದೆ ಬಿಡುವುದು ಉಚಿತವಲ್ಲ.

ಬೀದರ್ ಜಿಲ್ಲೆಯ ಬಸವಕಲ್ಯಾಣ ಮತ್ತು ಹುಮನಾಬಾದ್‌ಗಳನ್ನು ಈ ಲೇಖನದಲ್ಲಿ ಉದಾಹರಣೆಗಾಗಿ ಆರಿಸಿಕೊಂಡಿದೆ. ಇದಕ್ಕೆ ಎರಡು ಕಾರಣಗಳಿವೆ. ಈ ಊರುಗಳ ಮನೆಗಳನ್ನು ದೂರದಿಂದ ನೋಡಬೇಕಾದವರು ಬಹಳ ಮಂದಿ ಇದ್ದಾರೆ ಎಂಬುದು ಮೊದಲನೆಯದು. ಹುಮನಾಬಾದ್, ಪುಣೆ–ಹೈದರಾಬಾದ್ ದಾರಿಯಾದ ೬೫ನೆಯ ರಾಷ್ಟ್ರೀಯ ಹೆದ್ದಾರಿಯೂ ಬೀದರ್‌ನಿಂದ ಕಲಬುರಗಿಯ ಕಡೆಗೆ ಹೋಗುವ ೫೦ನೆಯ ಹೆದ್ದಾರಿಯೂ ಕೂಡುವ ಊರು; ೨೦೧೭ರ ಅಕ್ಟೋಬರ್‌ನಲ್ಲಿ ಬೀದರ್–ಕಲಬುರಗಿ ರೈಲುಮಾರ್ಗವೂ ಅದಕ್ಕೆ ಒದಗಿತು. ಹೈದರಾಬಾದ್, ಪುಣೆ, ಮುಂಬಯಿ, ಬೆಂಗಳೂರುಗಳಲ್ಲಿ ದುಡಿಯುವ ಈ ಸೀಮೆಯವರು ಊರಿನಲ್ಲಿ ಒಂದು ಮನೆಯನ್ನೋ ಪ್ಲಾಟನ್ನೋ ಮಾಡಿಕೊಳ್ಳಬೇಕೆಂದಾಗ ಮೊದಲು ಕಾಣುವುದು ಸ್ಥಳವನ್ನಲ್ಲ, ಫೋನಿಗೆ ಬಂದ ಚಿತ್ರವನ್ನು. ಎರಡನೆಯ ಕಾರಣವು ಇನ್ನೂ ಗಹನವಾದುದು. ಇಂಥ ಚಿತ್ರವು ಎಬ್ಬಿಸುವ ಪ್ರಶ್ನೆಯನ್ನು ವಿಚಾರಿಸಲು ಬೇಕಾದ ಪರಿಭಾಷೆಯು ಸುಮಾರು ಒಂಬೈನೂರು ವರ್ಷಗಳ ಹಿಂದೆ ಕಲ್ಯಾಣದಲ್ಲಿಯೇ ರೂಪುಗೊಂಡಿತ್ತು.

ಪ್ರಶ್ನೆ ಇದು. ಫೋನಿನಲ್ಲಿ ತೆಗೆದ ಮನೆಯ ಚಿತ್ರವನ್ನು ಕೃತಕ ಬುದ್ಧಿಮತ್ತೆಯ ಸಾಧನಗಳಿಂದ ‘ಉತ್ತಮಪಡಿಸುವ’ ರೂಢಿ ಈಗ ಸರ್ವಸಾಮಾನ್ಯವಾಗುತ್ತಿದೆ. ಕತ್ತಲೆಯ ಕೋಣೆ ಬೆಳಗುತ್ತದೆ. ಓರೆಯಾದ ಗೋಡೆ ನೇರವಾಗುತ್ತದೆ. ಮಂಕಾದ ಆಕಾಶ ನೀಲಿಯಾಗುತ್ತದೆ. ಬರಿದಾದ ಪಡಸಾಲೆಯಲ್ಲಿ ಸೋಫಾ ಮೂಡುತ್ತದೆ. ಇವೆಲ್ಲವೂ ಒಂದೇ ಗುಂಡಿಯ ಹಿಂದೆ, ಒಂದೇ ಹೆಸರಿನಿಂದ ನಡೆಯುತ್ತವೆ. ಇವುಗಳಲ್ಲಿ ಯಾವುದು ಸಲ್ಲುತ್ತದೆ, ಯಾವುದು ಸಲ್ಲದು? ಎಲ್ಲವೂ ವ್ಯಾಪಾರದ ಮಾಮೂಲು ಅಲಂಕಾರವೆಂದು ಬಿಟ್ಟುಬಿಡುವವರು ಕೆಲವರು. ಎಲ್ಲವೂ ವಂಚನೆಯೆಂದು ತಳ್ಳುವವರು ಕೆಲವರು. ಈ ಎರಡು ಮತಗಳೂ ವಿಚಾರದ ಶ್ರಮವನ್ನು ತಪ್ಪಿಸಿಕೊಳ್ಳುವ ಮಾರ್ಗಗಳೇ ಎಂದು ನಮಗೆ ತೋರುತ್ತದೆ. ಸ್ಥಳದಲ್ಲಿ ಇದ್ದುದನ್ನು ಕಣ್ಣಿಗೆ ತರುವ ಸಂಸ್ಕಾರ ಬೇರೆ, ಸ್ಥಳದಲ್ಲಿ ಇಲ್ಲದುದನ್ನು ತಂದು ಹೂಡುವ ಸಂಸ್ಕಾರ ಬೇರೆ. ಈ ಭೇದವನ್ನು ಖಚಿತಪಡಿಸಿ ಅದರ ಪರಿಣಾಮಗಳನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

೨

ಕಲ್ಯಾಣದ ಚಾಲುಕ್ಯರಲ್ಲಿ ಆರನೆಯ ವಿಕ್ರಮಾದಿತ್ಯನ ಮಗನಾದ ಮೂರನೆಯ ಸೋಮೇಶ್ವರನು ೧೧೨೬ರಿಂದ ೧೧೩೮ರ ವರೆಗೆ ಆಳಿದನು. ಅವನ ಹೆಸರಿನಲ್ಲಿರುವ ಸಂಸ್ಕೃತ ಗ್ರಂಥವೇ ಮಾನಸೋಲ್ಲಾಸ. ಅಭಿಲಷಿತಾರ್ಥಚಿಂತಾಮಣಿ ಎಂಬುದು ಅದರ ಇನ್ನೊಂದು ಹೆಸರು. ವಿಂಶತಿಗಳೆಂಬ ಐದು ಭಾಗಗಳು, ಒಂದೊಂದು ಭಾಗದಲ್ಲಿ ಇಪ್ಪತ್ತು ಅಧ್ಯಾಯಗಳು, ಹೀಗೆ ನೂರು ಅಧ್ಯಾಯಗಳ ಈ ಕೃತಿಯಲ್ಲಿ ರಾಜ್ಯಪಾಲನೆಯಿಂದ ಹಿಡಿದು ಅಡಿಗೆ, ಆನೆ, ಗೀತ, ನೃತ್ಯ, ಕ್ರೀಡೆಗಳ ವರೆಗೆ ಅರಮನೆಯ ಬಾಳಿಗೆ ಬೇಕಾದ ವಿಷಯಗಳೆಲ್ಲ ಅಡಕವಾಗಿವೆ. ನಮಗೆ ಇಲ್ಲಿ ಪ್ರಕೃತವಾದುದು ಮೂರನೆಯ ವಿಂಶತಿಯ ಚಿತ್ರಪ್ರಕರಣ. ಗಮನಿಸತಕ್ಕ ಅಂಶವೆಂದರೆ, ಸೋಮೇಶ್ವರನು ಚಿತ್ರದ ವಿಚಾರವನ್ನು ಮನೆಯ ವಿಚಾರದೊಡನೆಯೇ ತಂದಿದ್ದಾನೆ. ಗೋಡೆಯನ್ನು ಹದಗೊಳಿಸುವ ಬಗೆ, ಎಮ್ಮೆಯ ಚರ್ಮದಿಂದ ಮಾಡುವ ವಜ್ರಲೇಪ, ಬಣ್ಣಗಳ ಮಿಶ್ರಣ ಇವುಗಳನ್ನು ಹೇಳುವ ಅವನು ಚಿತ್ರದ ಪ್ರಭೇದಗಳನ್ನೂ ಎಣಿಸುತ್ತಾನೆ: ವಿದ್ಧ, ಅವಿದ್ಧ, ಭಾವಚಿತ್ರ, ರಸಚಿತ್ರ, ಧೂಳಿಚಿತ್ರ.

ಇವುಗಳಲ್ಲಿ ಕೊನೆಯ ಎರಡು ಬಣ್ಣದ ದ್ರವ್ಯವನ್ನು ಅನುಸರಿಸಿದ ಹೆಸರುಗಳು. ದ್ರವವಾದ ಬಣ್ಣದಿಂದ ಬರೆದುದು ಒಂದು, ಪುಡಿಯಿಂದ ಬರೆದುದು ಇನ್ನೊಂದು. ಭಾವಚಿತ್ರವೆಂದರೆ ಶೃಂಗಾರಾದಿ ರಸಗಳನ್ನು ಕಾಣಿಸುವ ಚಿತ್ರ. ಈ ಶಬ್ದವು ಇಂದಿನ ಕನ್ನಡದಲ್ಲಿ ವ್ಯಕ್ತಿಯ ಮುಖದ ಪಟಕ್ಕೆ ರೂಢಿಯಾಗಿರುವುದು ಅರ್ಥವ್ಯತ್ಯಾಸದ ಒಂದು ಸ್ವಾರಸ್ಯಕರ ನಿದರ್ಶನ. ನಮ್ಮ ವಿಚಾರಕ್ಕೆ ಮುಖ್ಯವಾದುವು ಮೊದಲಿನ ಎರಡು. ಕನ್ನಡಿಯಲ್ಲಿನ ಪ್ರತಿಬಿಂಬದಂತೆ ವಸ್ತುವಿನ ಸಾದೃಶ್ಯವನ್ನು ಪಡೆದುದು ವಿದ್ಧ. ಎದುರಿಗೆ ವಸ್ತುವಿಲ್ಲದೆ, ಬರೆಯಬೇಕೆಂಬ ಎಣಿಕೆಯಿಂದ ಆಕಾರಮಾತ್ರವನ್ನು ಸಾಧಿಸಿದುದು ಅವಿದ್ಧ. ಇಲ್ಲಿ ಒಂದನ್ನು ಸ್ಪಷ್ಟಪಡಿಸಬೇಕು. ಸೋಮೇಶ್ವರನು ಅವಿದ್ಧವನ್ನು ಕೀಳೆಂದು ಹೇಳಿಲ್ಲ. ಚಿತ್ರದಿಂದ ಆಗುವ ವಂಚನೆಯ ವಿಚಾರವನ್ನೂ ಅವನು ಎತ್ತಿಲ್ಲ. ಅವನದು ಜಾತಿವಿಭಾಗ ಮಾತ್ರ. ಅದನ್ನು ಇಂದಿನ ಸಮಸ್ಯೆಗೆ ಅನ್ವಯಿಸುವ ಹೊಣೆ ನಮ್ಮದು.

ಅವಿದ್ಧಕ್ಕೆ ತನ್ನದೇ ಆದ ಗೌರವವಿದೆ ಎಂಬುದಕ್ಕೆ ಬಸವಕಲ್ಯಾಣದಲ್ಲಿಯೇ ಈಚಿನ ನಿದರ್ಶನವಿದೆ. ೨೦೨೧ರ ಜನವರಿಯಲ್ಲಿ ಅಲ್ಲಿ ನೂತನ ಅನುಭವಮಂಟಪಕ್ಕೆ ಶಂಕುಸ್ಥಾಪನೆಯಾಯಿತು. ಆಗ ಜನರು ಕಂಡುದು ಕಟ್ಟಡವನ್ನಲ್ಲ, ಗಣಕಯಂತ್ರದಲ್ಲಿ ರಚಿಸಿದ ಕಟ್ಟಡದ ಚಿತ್ರವನ್ನು. ಇನ್ನೂ ಎದ್ದಿರದ ಮಂಟಪವನ್ನು ಚಿತ್ರವು ಪೂರ್ಣವಾಗಿ ತೋರಿಸಿತು. ಆದರೆ ಅದನ್ನು ಸುಳ್ಳೆಂದು ಯಾರೂ ಹೇಳಲಿಲ್ಲ, ಹೇಳಲು ಕಾರಣವೂ ಇರಲಿಲ್ಲ. ಅದು ಮುಂದೆ ಆಗಬೇಕಾದುದರ ಚಿತ್ರವೆಂದು ನೋಡುವವರೆಲ್ಲರಿಗೂ ತಿಳಿದಿತ್ತು. ಅವಿದ್ಧವು ಅವಿದ್ಧವೆಂದೇ ಮುಂದೆ ಬಂದಾಗ ಅದರಲ್ಲಿ ದೋಷವಿಲ್ಲ.

ಛಾಯಾಚಿತ್ರದ ಸಂಗತಿ ಹೀಗಲ್ಲ. ಸ್ಥಳದಲ್ಲಿ ಬಿದ್ದ ಬೆಳಕೇ ಮಸೂರದ ಮೂಲಕ ಬಂದು ಗುರುತಾಗುವುದರಿಂದ ಅದು ಹುಟ್ಟಿನಿಂದ ವಿದ್ಧ. ನೋಡುವವನು ಅದಕ್ಕೆ ವಿದ್ಧಕ್ಕೆ ಸಲ್ಲುವ ನಂಬಿಕೆಯನ್ನು ಕೊಡುತ್ತಾನೆ. ಆ ಚಿತ್ರದೊಳಗೆ ಬೆಳಕಿನಿಂದ ಬರದ ಭಾಗವೊಂದು ಗುರುತಿಲ್ಲದೆ ಸೇರಿದರೆ, ಅವಿದ್ಧವು ವಿದ್ಧದ ವೇಷದಲ್ಲಿ ನಂಬಿಕೆಯನ್ನು ಪಡೆದಂತಾಗುತ್ತದೆ. ದೋಷವಿರುವುದು ಕಲ್ಪನೆಯಲ್ಲಲ್ಲ, ಈ ವೇಷದಲ್ಲಿ.

೩

ಯಂತ್ರವು ಮಾಡುವ ಕೆಲಸಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರೆ ಈ ಭೇದವು ಇನ್ನಷ್ಟು ವಿಶದವಾಗುತ್ತದೆ. ಸಾಧನಗಳ ಹೆಸರುಗಳನ್ನು ನೋಡಿ ಮೋಸಹೋಗದೆ, ಚಿತ್ರದ ಪ್ರತಿಯೊಂದು ಭಾಗವನ್ನು ಕುರಿತೂ ‘ಇದು ಎಲ್ಲಿಂದ ಬಂತು’ ಎಂದು ಕೇಳುವುದೇ ಇಲ್ಲಿ ಸರಿಯಾದ ಮಾರ್ಗ.

ಮೊದಲನೆಯದು ಬೆಳಕಿನ ಸಮೀಕರಣ. ಕೋಣೆಯೊಳಗೆ ನಿಂತು ಬಾಗಿಲ ಕಡೆಗೆ ಚಿತ್ರ ತೆಗೆದರೆ ಒಳಗೆಲ್ಲ ಕತ್ತಲೆಯಾಗುತ್ತದೆ, ಇಲ್ಲವೆ ಹೊರಗೆಲ್ಲ ಬಿಳುಪಾಗುತ್ತದೆ. ನಮ್ಮ ಕಣ್ಣು ಎರಡಕ್ಕೂ ಹೊಂದಿಕೊಳ್ಳುತ್ತದೆ. ಕ್ಯಾಮರಾ ಒಂದೇ ಸಲಕ್ಕೆ ಹೊಂದಿಕೊಳ್ಳಲಾರದು. ಬೇರೆ ಬೇರೆ ಬೆಳಕಿನ ಪ್ರಮಾಣದಲ್ಲಿ ತೆಗೆದ ಹಲವು ಚಿತ್ರಗಳನ್ನು ಸೇರಿಸಿ ಈ ಕೊರತೆಯನ್ನು ನೀಗುವ ವಿಧಾನವನ್ನು ೧೯೯೭ರಲ್ಲಿ ಡೆಬೆವೆಕ್ ಮತ್ತು ಮಲಿಕ್ ಎಂಬ ವಿದ್ವಾಂಸರು ಶಾಸ್ತ್ರೀಯವಾಗಿ ನಿರೂಪಿಸಿದರು. ಇಂದಿನ ಫೋನುಗಳು ಈ ತತ್ತ್ವವನ್ನೇ ಕ್ಷಣಾರ್ಧದಲ್ಲಿ ಪ್ರಯೋಗಿಸುತ್ತವೆ. ಇಲ್ಲಿ ಸೇರುವ ಪ್ರತಿಯೊಂದು ಅಂಶವೂ ಆ ಸ್ಥಳದಿಂದಲೇ ಬಂದುದು. ಆದುದರಿಂದ ಇದು ವಿದ್ಧವನ್ನು ಕೆಡಿಸುವ ಬದಲು ಪೂರ್ಣಗೊಳಿಸುತ್ತದೆ.

ಎರಡನೆಯದು ರೇಖೆಗಳ ತಿದ್ದುಪಡಿ. ಕ್ಯಾಮರಾ ಮೇಲಕ್ಕೆ ವಾಲಿದಾಗ ಗೋಡೆಗಳು ಒಂದರ ಕಡೆಗೊಂದು ಬಾಗಿದಂತೆ ಕಾಣುತ್ತವೆ. ಇದು ಕ್ಯಾಮರಾ ಹಿಡಿದ ಕೈಯ ದೋಷವೇ ಹೊರತು ಮನೆಯದಲ್ಲ; ತಿದ್ದುವುದು ನ್ಯಾಯ. ಆದರೆ ಗೋಡೆಯೇ ನಿಜವಾಗಿ ವಾಲಿದ್ದ ಪಕ್ಷದಲ್ಲಿ, ಎಲ್ಲ ಗೋಡೆಗಳೂ ನೇರವಾಗಿರಬೇಕೆಂಬ ನಿಯಮದಿಂದ ನಡೆಯುವ ಯಂತ್ರವು ಅದನ್ನೂ ನೇರ ಮಾಡಿಬಿಡಬಹುದು. ಒಂದೇ ಕ್ರಿಯೆ ಒಂದು ಮನೆಯಲ್ಲಿ ಸತ್ಯವನ್ನು ಉದ್ಧರಿಸಿ ಇನ್ನೊಂದು ಮನೆಯಲ್ಲಿ ಮರೆಸಬಲ್ಲುದು. ಇದಕ್ಕೆ ಪ್ರತಿಯಾಗಿ, ಯಾವ ಕೃತಕ ಬುದ್ಧಿಯ ನೆರವೂ ಇಲ್ಲದೆ ಮೋಸವಾಗುವುದುಂಟು: ಸುಮಾರು ೧೨೦ ಡಿಗ್ರಿಗಳ ನೋಟವನ್ನು ಹಿಡಿಯುವ ಅಗಲ ಮಸೂರದಿಂದ ಹತ್ತು ಅಡಿಯ ಕೋಣೆಯೂ ಸಭಾಂಗಣದಂತೆ ಕಾಣುತ್ತದೆ. ಅಲ್ಲಿ ಒಂದು ಚುಕ್ಕೆಯೂ ಸುಳ್ಳಲ್ಲ. ಒಟ್ಟು ಗ್ರಹಿಕೆ ಮಾತ್ರ ಸುಳ್ಳು. ಆದುದರಿಂದ ದೋಷವನ್ನೆಲ್ಲ ಹೊಸ ಯಂತ್ರದ ಮೇಲೆ ಹೊರಿಸುವುದು ಸರಿಯಲ್ಲ.

ಮೂರನೆಯದು ಮಸುಕಾದ ಚಿತ್ರವನ್ನು ಸ್ಫುಟಗೊಳಿಸುವ ಕ್ರಿಯೆ. ಇಲ್ಲಿಯೇ ಗಡಿ ಸೂಕ್ಷ್ಮವಾಗುತ್ತದೆ. ಕಲಿತ ಯಂತ್ರದಿಂದ ಸಣ್ಣ ಚಿತ್ರವನ್ನು ಹಿಗ್ಗಿಸುವ ಪದ್ಧತಿ ೨೦೧೪ರಲ್ಲಿ ಪ್ರಕಟವಾದ ‘ಎಸ್‌ಆರ್‌ಸಿಎನ್‌ಎನ್’ ಎಂಬ ವಿಧಾನದಿಂದ ಪ್ರಸಿದ್ಧಿಗೆ ಬಂತು. ೨೦೧೭ರ ‘ಎಸ್‌ಆರ್‌ಗ್ಯಾನ್’ ಅದನ್ನು ಮುಂದುವರಿಸಿತು. ಈ ಎರಡನೆಯದನ್ನು ರಚಿಸಿದವರು ತಾವೇ ಪ್ರಕಟಿಸಿದ ಫಲಿತಾಂಶವೊಂದು ಬಹಳ ವಿಚಾರಾರ್ಹವಾಗಿದೆ. ಮೂಲಚಿತ್ರದೊಡನೆ ಚುಕ್ಕೆಗೆ ಚುಕ್ಕೆಯನ್ನು ಹೋಲಿಸಿ ಅಳೆದಾಗ, ಅವರ ಹೊಸ ವಿಧಾನದ ಚಿತ್ರವು ಸರಳವಾದ ಇನ್ನೊಂದು ವಿಧಾನದ ಚಿತ್ರಕ್ಕಿಂತ ಮೂಲದಿಂದ ಹೆಚ್ಚು ದೂರವಿತ್ತು. ಮನುಷ್ಯರಿಗೆ ತೋರಿಸಿ ಕೇಳಿದಾಗ ಅದೇ ಹೆಚ್ಚು ಮೆಚ್ಚಿಗೆಯನ್ನು ಪಡೆಯಿತು. ಎಂದರೆ, ನಿಜವೆಂದು ತೋರುವುದೂ ನಿಜಕ್ಕೆ ಹತ್ತಿರವಿರುವುದೂ ಒಂದೇ ಅಲ್ಲವೆಂದಾಯಿತು. ಯಂತ್ರವು ಕಾಣದ ಭಾಗವನ್ನು ತಾನು ಹಿಂದೆ ಕಂಡ ಲಕ್ಷಾಂತರ ಚಿತ್ರಗಳ ವಾಸನೆಯಿಂದ ತುಂಬುತ್ತದೆ. ಆ ವಾಸನೆಯ ಬಲ ಎಷ್ಟೆಂಬುದು ೨೦೨೦ರಲ್ಲಿ ಜಗತ್ತಿಗೆಲ್ಲ ತಿಳಿಯಿತು. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರ ‘ಪಲ್ಸ್’ ಎಂಬ ವಿಧಾನಕ್ಕೆ ಬರಾಕ್ ಒಬಾಮ ಅವರ ಮಸುಕಾದ ಸಣ್ಣ ಚಿತ್ರವನ್ನು ಕೊಟ್ಟಾಗ, ಅದು ಸ್ಫುಟಗೊಳಿಸಿ ಹಿಂದಿರುಗಿಸಿದುದು ಬಿಳಿಯ ವರ್ಣದ ಬೇರೊಬ್ಬನ ಮುಖವನ್ನು.

ನಾಲ್ಕನೆಯದು ನೇರವಾದ ಸೃಷ್ಟಿ. ೨೦೨೨ರಿಂದ ಸಾರ್ವಜನಿಕರ ಕೈಗೆ ಬಂದ ಸಾಧನಗಳಿಗೆ ಚಿತ್ರದ ಒಂದು ಭಾಗವನ್ನು ಗುರುತಿಸಿಕೊಟ್ಟು, ಅಲ್ಲಿ ಏನಿರಬೇಕೆಂದು ಮಾತಿನಲ್ಲಿ ಹೇಳಿದರೆ ಸಾಕು. ಬಾಗಿಲ ಮುಂದಿನ ವಿದ್ಯುತ್ ತಂತಿ ಮಾಯವಾಗುತ್ತದೆ. ಅಂಗಳದಲ್ಲಿ ಹುಲ್ಲು ಮೂಡುತ್ತದೆ. ಬರಿಯ ಕೋಣೆಯಲ್ಲಿ ಮಂಚ, ಪರದೆ, ದೀಪಗಳು ನೆಲೆಸುತ್ತವೆ. ಇದು ಶುದ್ಧ ಅವಿದ್ಧ. ಹಾಗೆಂದು ತಿಳಿಸಿದರೆ ಇದರಿಂದಲೂ ಉಪಯೋಗವುಂಟು; ಬರಿದಾದ ಕೋಣೆಯಲ್ಲಿ ಬಾಳು ಹೇಗೆ ಹೊಂದೀತೆಂದು ಕಲ್ಪಿಸಿಕೊಳ್ಳಲು ಕೊಳ್ಳುವವನಿಗೆ ಸಹಾಯವಾಗುತ್ತದೆ. ತಿಳಿಸದಿದ್ದರೆ ಮೇಲೆ ಹೇಳಿದ ವೇಷದೋಷವು ತಪ್ಪದು.

೪

ಯಂತ್ರಸಂಸ್ಕಾರದ ಪಕ್ಷದಲ್ಲಿ ಹೇಳಬೇಕಾದುದನ್ನು ಸಂಕೋಚವಿಲ್ಲದೆ ಹೇಳಬೇಕು. ಬಸವಕಲ್ಯಾಣದಂಥ ಊರಿನ ಹಳೆಯ ಮನೆಯೊಂದನ್ನು ಮನಸ್ಸಿಗೆ ತಂದುಕೊಳ್ಳೋಣ. ಕಲ್ಲಿನ ದಪ್ಪ ಗೋಡೆ, ಮಣ್ಣಿನ ಮಾಳಿಗೆ, ಸಣ್ಣ ಕಿಟಕಿ, ಗೋಡೆಯಲ್ಲಿ ದೀಪದ ಗೂಡುಗಳು, ನೆಲಕ್ಕೆ ಶಹಾಬಾದ್ ಫರಸಿ, ನಡುವೆ ಬೆಳಕು ಬೀಳುವ ಅಂಗಳ. ಬೇಸಗೆಯಲ್ಲಿ ಹೊರಗೆ ಸುಮಾರು ೪೦ ಡಿಗ್ರಿ ಉರಿಯುತ್ತಿರುವಾಗ ಇಂಥ ಮನೆಯ ಒಳಗಿನ ತಂಪು ಅನುಭವಿಸಿದವರಿಗೇ ಗೊತ್ತು. ಆ ತಂಪಿಗೆ ಕಾರಣವಾದ ಗುಣಗಳೇ, ಎಂದರೆ ಗೋಡೆಯ ದಪ್ಪವೂ ಕಿಟಕಿಯ ಸಣ್ಣತನವೂ, ಛಾಯಾಚಿತ್ರದಲ್ಲಿ ದೋಷಗಳಾಗಿ ಪರಿಣಮಿಸುತ್ತವೆ. ಅಗ್ಗದ ಫೋನಿನಲ್ಲಿ ತೆಗೆದ ಚಿತ್ರದಲ್ಲಿ ಪಡಸಾಲೆ ಗವಿಯಂತೆ ಕಾಣುತ್ತದೆ. ಅಂಗಳವೊಂದು ಬಿಳಿಯ ತೂತಾಗುತ್ತದೆ. ಆ ಚಿತ್ರವನ್ನು ಯಾರೂ ತಿದ್ದಿಲ್ಲವೆಂಬುದರಿಂದ ಅದು ಸತ್ಯವಾಗುವುದಿಲ್ಲ. ಅಲ್ಲಿ ನಿಂತವನ ಕಣ್ಣು ಕಾಣುವುದನ್ನು ಅದು ಕಾಣಿಸುತ್ತಿಲ್ಲ. ಕನ್ನಡಿಯ ಸಾದೃಶ್ಯವೇ ವಿದ್ಧದ ಲಕ್ಷಣವಾದರೆ ಕತ್ತಲು ಕವಿದ ಚಿತ್ರವು ವಿದ್ಧವಲ್ಲ. ಅದನ್ನು ಬೆಳಗಿಸುವುದೇ ಸಾದೃಶ್ಯದ ಕಡೆಗೆ ಇಡುವ ಹೆಜ್ಜೆ.

ಇದರಲ್ಲಿ ನ್ಯಾಯದ ಪ್ರಶ್ನೆಯೂ ಅಡಗಿದೆ. ಮಹಾನಗರದ ಕಟ್ಟಡ ಸಂಸ್ಥೆಗೆ ಕುಶಲ ಛಾಯಾಗ್ರಾಹಕನೂ ದೀಪಗಳೂ ದುಬಾರಿ ಮಸೂರಗಳೂ ಹಿಂದಿನಿಂದಲೂ ಒದಗಿವೆ. ಹುಮನಾಬಾದ್‌ನಲ್ಲಿ ತಂದೆಯ ಮನೆಯನ್ನು ಮಾರಬೇಕಾದ ವಿಧವೆಗೆ ಇರುವುದು ಕೈಯಲ್ಲಿನ ಫೋನು ಮಾತ್ರ. ಇಷ್ಟು ದಿನ ಹಣವಂತರಿಗೆ ಮಾತ್ರ ದೊರೆಯುತ್ತಿದ್ದ ಸ್ಪಷ್ಟತೆಯನ್ನು ಯಂತ್ರವು ಆಕೆಗೂ ಕೊಟ್ಟರೆ ಅದನ್ನು ಅಕ್ರಮವೆಂದು ಹೇಳುವ ಅಧಿಕಾರ ಯಾರಿಗೂ ಇಲ್ಲ.

ಆದರೆ ಯಂತ್ರದ ಉಪಕಾರವೂ ಅಪಾಯವೂ ಇದೇ ಮನೆಯಲ್ಲಿ ಜೊತೆಯಾಗಿ ಬರುತ್ತವೆ. ಯಂತ್ರವು ಕಲಿತುದು ಬೇರೆಯವರ ಮನೆಗಳನ್ನು ನೋಡಿ. ನಯವಾದ ಗೋಡೆ, ಹೊಳೆಯುವ ನೆಲ, ದೊಡ್ಡ ಕಿಟಕಿಗಳ ಚಿತ್ರಗಳು ಅದಕ್ಕೆ ಹೆಚ್ಚಾಗಿ ಪರಿಚಿತ. ಒರಟು ಕಲ್ಲನ್ನು ಅದು ಗಾರೆಯ ನುಣುಪಿನ ಕಡೆಗೆ ಎಳೆದೀತು. ಫರಸಿಯ ಮಂದವಾದ ಬೂದುಬಣ್ಣಕ್ಕೆ ಟೈಲ್ಸಿನ ಹೊಳಪನ್ನು ಕೊಟ್ಟೀತು. ದೀಪದ ಗೂಡಿನ ಮೇಲಿನ ಮಸಿಯನ್ನು ಕೊಳೆಯೆಂದು ಒರಸೀತು. ಆಗ ಮನೆ ಚೆಲುವಾಗಿ ಕಂಡರೂ ಆ ಊರಿನ ಮನೆಯಾಗಿ ಉಳಿಯುವುದಿಲ್ಲ. ಮನೆಯ ವೈಶಿಷ್ಟ್ಯವನ್ನು ತೋರಿಸಲೆಂದು ಕೈಗೊಂಡ ಸಂಸ್ಕಾರವು ಆ ವೈಶಿಷ್ಟ್ಯವನ್ನೇ ಅಳಿಸುತ್ತದೆ. ಒಬಾಮ ಅವರ ಮುಖಕ್ಕೆ ಆದುದು ಕಲ್ಯಾಣದ ಗೋಡೆಗೂ ಆಗಬಹುದೆಂಬ ಭಯ ನಿರಾಧಾರವಲ್ಲ.

೫

ಸೌಂದರ್ಯದ ನಷ್ಟಕ್ಕಿಂತಲೂ ಗಂಭೀರವಾದ ನಷ್ಟವೊಂದಿದೆ. ಮನೆಯ ಗೋಡೆಯ ಮೇಲಿನ ಗುರುತುಗಳು ಬರಿಯ ಕುಂದುಗಳಲ್ಲ, ಸಾಕ್ಷಿಗಳು. ಮಾಳಿಗೆಯ ಕೆಳಗಿನ ಕಂದು ಕಲೆ ಮಳೆಗಾಲದಲ್ಲಿ ನೀರು ಎಲ್ಲಿ ಇಳಿಯುತ್ತದೆಂದು ಹೇಳುತ್ತದೆ. ಗೋಡೆಯ ಬುಡದ ಬಿಳಿಯ ಉಪ್ಪು ನೆಲದಿಂದ ತೇವ ಏರುತ್ತಿದೆಯೆಂದು ಹೇಳುತ್ತದೆ. ಎರೆಮಣ್ಣು ಮಳೆಯಲ್ಲಿ ಉಬ್ಬಿ ಬೇಸಗೆಯಲ್ಲಿ ಕುಗ್ಗುವುದರಿಂದ ಅದರ ಮೇಲೆ ಸರಿಯಾದ ತಳಪಾಯವಿಲ್ಲದೆ ಕಟ್ಟಿದ ಗೋಡೆ ಓರೆಯಾಗಿ ಬಿರುಕು ಬಿಡುತ್ತದೆ. ಬಿರುಕಿನ ದಾರಿಯನ್ನು ನೋಡಿ ಅನುಭವಿಯಾದ ಮೇಸ್ತ್ರಿಯು ತಳಪಾಯದ ಸ್ಥಿತಿಯನ್ನು ಊಹಿಸುತ್ತಾನೆ. ಚಿತ್ರವನ್ನು ‘ಶುಭ್ರಗೊಳಿಸುವ’ ಯಂತ್ರಕ್ಕೆ ಈ ಓದು ತಿಳಿಯದು. ಕಲೆ, ಉಪ್ಪು, ಬಿರುಕುಗಳು ಅದಕ್ಕೆ ಚಿತ್ರದ ಮೇಲಿನ ಧೂಳಿಗೆ ಸಮಾನ. ಮಾಲೀಕನು ಮುಚ್ಚಬೇಕೆಂದು ಬಯಸದಿದ್ದರೂ ಅವು ಮುಚ್ಚಿಹೋಗಬಹುದು. ಸುಳ್ಳಾಡುವ ಮನಸ್ಸೇ ಇಲ್ಲದೆ ಸುಳ್ಳು ಹುಟ್ಟುವುದು ಈ ಸಾಧನಗಳ ವಿಶೇಷ ಲಕ್ಷಣ.

ಈ ಸೀಮೆಯಲ್ಲಿ ಗೋಡೆಯ ಸಾಕ್ಷಿಯನ್ನು ಹಗುರವಾಗಿ ಎಣಿಸುವಂತಿಲ್ಲ. ೧೯೯೩ರ ಸೆಪ್ಟೆಂಬರ್ ೩೦ರ ಬೆಳಗಿನ ಜಾವ ಗಡಿಯಾಚೆಯ ಲಾತೂರ್ ಜಿಲ್ಲೆಯ ಕಿಲ್ಲಾರಿಯ ಸುತ್ತ ಸಂಭವಿಸಿದ ಭೂಕಂಪದಲ್ಲಿ ಸುಮಾರು ಹತ್ತು ಸಾವಿರ ಮಂದಿ ಮಡಿದರು. ಅದರ ಪ್ರಮಾಣ ೬.೨ರಷ್ಟೇ ಇತ್ತು, ಜಗತ್ತಿನ ದೊಡ್ಡ ಭೂಕಂಪಗಳ ಲೆಕ್ಕದಲ್ಲಿ ಅದು ಮಧ್ಯಮ ದರ್ಜೆಯದು. ಅಷ್ಟೊಂದು ಜನ ಸಾಯಲು ಮುಖ್ಯ ಕಾರಣ ಮನೆಗಳ ಕಟ್ಟೋಣ. ಕಾಡುಗಲ್ಲುಗಳನ್ನು ಮಣ್ಣಿನ ಕೆಸರಿನಲ್ಲಿ ಕೂರಿಸಿದ ದಪ್ಪ ಗೋಡೆಗಳು, ಅವುಗಳ ಮೇಲೆ ವರ್ಷವರ್ಷವೂ ಮಣ್ಣು ಹೇರಿ ಭಾರವಾದ ಮಾಳಿಗೆಗಳು. ಗೋಡೆಯ ಒಳಮೈ ಹೊರಮೈಗಳನ್ನು ಒಂದಕ್ಕೊಂದು ಬಿಗಿಯುವ ಉದ್ದಗಲ್ಲುಗಳಿಲ್ಲದೆ ಹೋದುದರಿಂದ ಎರಡು ಮೈಗಳೂ ಬೇರ್ಪಟ್ಟು ಕುಸಿದು, ಮಾಳಿಗೆ ಮಲಗಿದ್ದವರ ಮೇಲೆ ಬಿತ್ತು. ಬೀದರ್ ಸೀಮೆಯ ಹಳೆಯ ಮನೆಗಳಲ್ಲಿಯೂ ಈ ಕಟ್ಟೋಣಕ್ಕೆ ಹೋಲುವುವು ಇವೆ. ಇಂಥ ಮನೆಯನ್ನು ಕೊಳ್ಳುವವನಿಗೆ ಗೋಡೆಯ ಉಬ್ಬು, ಮೂಲೆಯ ಬಿರುಕು, ಮಾಳಿಗೆಯ ತೊಲೆಯ ಬಾಗು ಇವೇ ಮೊದಲು ಬೇಕಾದ ವಿಷಯಗಳು. ಚಿತ್ರದಲ್ಲಿ ಅವುಗಳನ್ನು ಅಳಿಸುವುದು ವೈದ್ಯನಿಗೆ ತೋರಿಸಬೇಕಾದ ಗಾಯಕ್ಕೆ ಬಣ್ಣ ಬಳಿದಂತೆ.

ಕೊಳ್ಳುವವನು ಹೇಗೂ ಬಂದು ನೋಡುತ್ತಾನಲ್ಲ ಎಂದು ಹೇಳುವವರಿದ್ದಾರೆ. ಇದು ಪೂರ್ಣವಾಗಿ ನಿಜವಲ್ಲ. ಬಂದು ನೋಡುವುದಕ್ಕೆ ಮೊದಲೇ ಸಂಚಕಾರ ಕೊಡುವುದುಂಟು. ಬಾಡಿಗೆಯ ಮನೆಯಾದರೆ ಸಾಮಾನು ತುಂಬಿದ ಲಾರಿಯೊಡನೆಯೇ ಮೊದಲ ಸಲ ಬಾಗಿಲು ನೋಡುವವರೂ ಇದ್ದಾರೆ. ಬಂದು ನೋಡಿದರೂ, ಮೊದಲು ಕಂಡ ಚಿತ್ರವು ಅವನ ಕಣ್ಣಿಗೆ ಒಂದು ಸಂಸ್ಕಾರವನ್ನು ಕೊಟ್ಟಿರುತ್ತದೆ. ಹೊಸದಾಗಿ ಸುಣ್ಣ ಬಳಿದ ಗೋಡೆಯ ಮುಂದೆ ನಿಂತಾಗ, ತಾನು ಹುಡುಕಬೇಕಾದುದು ಏನೆಂಬುದೇ ಅವನಿಗೆ ತೋಚದಿರಬಹುದು.

೬

ನಮ್ಮ ವಿದ್ಯಾಕ್ಷೇತ್ರದಲ್ಲಿ ಈ ಸಮಸ್ಯೆಗೆ ಬಹುಕಾಲದಿಂದ ಒಂದು ಪರಿಹಾರ ರೂಢಿಯಲ್ಲಿದೆ. ಹುಮನಾಬಾದ್ ತಾಲ್ಲೂಕಿನ ಜಲಸಂಗಿಯ ಚಾಲುಕ್ಯ ದೇವಾಲಯದ ಹೊರಗೋಡೆಯ ಮೇಲೆ, ಹಲಗೆಯಲ್ಲಿ ಅಕ್ಷರಗಳನ್ನು ಬರೆಯುತ್ತಿರುವ ಹೆಣ್ಣಿನ ಶಿಲ್ಪವಿದೆ. ಶಾಸನಸುಂದರಿಯೆಂದು ಅದು ಪ್ರಸಿದ್ಧವಾಗಿದೆ. ಆಕೆ ಬರೆಯುತ್ತಿರುವುದು ವಿಕ್ರಮಾದಿತ್ಯನ ಪ್ರಶಂಸೆಯನ್ನು. ಇಂಥ ಬರಹವೊಂದರಲ್ಲ�ಿ ಅಕ್ಷರಗಳು ಸವೆದಿದ್ದರೆ ಶಾಸನತಜ್ಞನು ಏನು ಮಾಡುತ್ತಾನೆ? ಛಂದಸ್ಸಿನಿಂದಲೂ ಸಮಾನ ಶಾಸನಗಳ ಪಾಠದಿಂದಲೂ ಲುಪ್ತವಾದ ಅಕ್ಷರವನ್ನು ಅವನು ಊಹಿಸಬಹುದು. ಆ ಊಹೆ ಬಹುಮಟ್ಟಿಗೆ ಸರಿಯಾಗಿಯೂ ಇರಬಹುದು. ಆದರೆ ಅದನ್ನು ಅವನು ಕಂಸದೊಳಗೆ ಇಡುತ್ತಾನೆ. ಕಲ್ಲಿನಲ್ಲಿ ಕಂಡುದು ಯಾವುದು, ತಾನು ತುಂಬಿದುದು ಯಾವುದು ಎಂಬುದು ಓದುವವನಿಗೆ ಒಂದೇ ನೋಟದಲ್ಲಿ ತಿಳಿಯುತ್ತದೆ. ಅಚ್ಚೊತ್ತಿದ ಪಡಿಯಚ್ಚನ್ನು ಅವನು ಬೇರೆಯಾಗಿ ಕಾಪಾಡುತ್ತಾನೆ. ಸಂದೇಹ ಬಂದವರು ಅದನ್ನು ನೋಡಬಹುದು. ಗ್ರಂಥಸಂಪಾದನೆಯಲ್ಲಿ ಪಾಠಾಂತರಗಳನ್ನು ಅಡಿಯಲ್ಲಿ ಕೊಡುವ ಕ್ರಮದ ತತ್ತ್ವವೂ ಇದೇ. ಊಹಿಸುವುದನ್ನು ನಮ್ಮ ಶಾಸ್ತ್ರ ನಿಷೇಧಿಸಿಲ್ಲ. ಊಹೆಯನ್ನು ಮೂಲದೊಡನೆ ಗುರುತಿಲ್ಲದೆ ಬೆರಸುವುದನ್ನು ನಿಷೇಧಿಸಿದೆ. ಸ್ಫುಟಗೊಳಿಸುವ ಯಂತ್ರವು ಕಂಸವಿಲ್ಲದೆ ಊಹಿಸುವ ಸಂಪಾದಕ. ಅದಕ್ಕೆ ಕಂಸವನ್ನು ಕಲಿಸುವುದೇ ಈಗ ಆಗಬೇಕಾದ ಕೆಲಸ.

ಕಾನೂನು ಈ ದಿಕ್ಕಿನಲ್ಲಿ ಸ್ವಲ್ಪ ದೂರ ನಡೆದಿದೆ. ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯದಲ್ಲಿ ೨೦೨೫ರಲ್ಲಿ ಅಂಗೀಕೃತವಾಗಿ ೨೦೨೬ರ ಜನವರಿ ೧ರಂದು ಜಾರಿಗೆ ಬಂದ ಕಾನೂನಿನ ಪ್ರಕಾರ, ಮನೆಮಾರಾಟದ ಪ್ರಕಟಣೆಯಲ್ಲಿ ಚಿತ್ರವನ್ನು ಮಾರ್ಪಡಿಸಿದ್ದರೆ ದಲ್ಲಾಳಿಯು ಅದನ್ನು ತಿಳಿಸಬೇಕು. ಮಾರ್ಪಡಿಸದ ಮೂಲಚಿತ್ರವನ್ನು ನೋಡಲು ದಾರಿಯನ್ನೂ ಕೊಡಬೇಕು. ಬೆಳಕು, ಬಣ್ಣ, ನೇರಗೊಳಿಸುವಿಕೆ, ಅಂಚು ಕತ್ತರಿಸುವಿಕೆ ಮೊದಲಾದ ಸಾಮಾನ್ಯ ತಿದ್ದುಪಡಿಗಳು ಆಸ್ತಿಯ ಸ್ವರೂಪವನ್ನು ಬೇರೆಯಾಗಿ ತೋರಿಸದಿದ್ದರೆ ಈ ನಿಯಮ ಅನ್ವಯಿಸದು. ಈ ಕಾನೂನು ಎಳೆದ ಗೆರೆಯು ವಿದ್ಧಾವಿದ್ಧಗಳ ನಡುವಿನ ಗೆರೆಗೆ ಬಹಳ ಸಮೀಪವಾಗಿದೆ. ಸಾಧನಗಳ ಪಟ್ಟಿಯಷ್ಟನ್ನೇ ನಂಬಿದ್ದರೆ ಅದು ಅಪೂರ್ಣವಾಗುತ್ತಿತ್ತು. ತೇವದ ಕಲೆಯೆಂಬುದು ಬಣ್ಣವೇ ಆದುದರಿಂದ ಬಣ್ಣದ ತಿದ್ದುಪಡಿಯಿಂದಲೇ ಅದನ್ನು ಅಳಿಸಬಹುದು. ಸ್ವರೂಪವು ಬದಲಾಗಬಾರದೆಂಬ ಷರತ್ತೇ ಅದನ್ನು ರಕ್ಷಿಸುತ್ತದೆ.

ನಮ್ಮಲ್ಲಿ ೨೦೧೬ರ ಸ್ಥಿರಾಸ್ತಿ ನಿಯಂತ್ರಣ ಕಾಯಿದೆಯ ೧೨ನೆಯ ಪ್ರಕರಣವು, ಜಾಹೀರಾತಿನ ಸುಳ್ಳು ವಿವರವನ್ನು ನಂಬಿ ಹಣ ಕೊಟ್ಟು ನಷ್ಟ ಹೊಂದಿದವನಿಗೆ ನಿರ್ಮಾಣದ ಪ್ರವರ್ತಕನು ಪರಿಹಾರ ಕೊಡಬೇಕೆಂದು ವಿಧಿಸುತ್ತದೆ. ಆದರೆ ಆ ಕಾಯಿದೆಯ ದೃಷ್ಟಿ ಹೊಸ ಯೋಜನೆಗಳ ಮೇಲಿದೆ. ೫೦೦ ಚದರ ಮೀಟರಿಗೆ ಮೀರದ ನಿವೇಶನದ ಅಥವಾ ಎಂಟು ಮನೆಗಳಿಗೆ ಮೀರದ ಯೋಜನೆಗಳಿಗೆ ನೋಂದಣಿಯೂ ಬೇಕಿಲ್ಲ. ಬಸವಕಲ್ಯಾಣದ ಒಬ್ಬ ಗೃಹಸ್ಥನು ತನ್ನ ಹಳೆಯ ಮನೆಯನ್ನು ಇನ್ನೊಬ್ಬನಿಗೆ ಮಾರುವಾಗ ನಾವು ನೆನೆಯಬೇಕಾದುದು ೧೮೮೨ರ ಸ್ವತ್ತು ವರ್ಗಾವಣೆ ಕಾಯಿದೆಯ ೫೫ನೆಯ ಪ್ರಕರಣವನ್ನು. ತನಗೆ ಗೊತ್ತಿದ್ದು, ಕೊಳ್ಳುವವನಿಗೆ ಗೊತ್ತಿಲ್ಲದ, ಸಾಮಾನ್ಯ ಎಚ್ಚರಿಕೆಯಿಂದ ಅವನು ಕಂಡುಹಿಡಿಯಲಾಗದ ಮುಖ್ಯ ದೋಷವನ್ನು ಮಾರುವವನು ತಿಳಿಸಲೇಬೇಕು. ತಿಳಿಸದಿರುವುದು ವಂಚನೆಯೆನಿಸುತ್ತದೆ ಎಂಬುದು ಅದರ ತಾತ್ಪರ್ಯ. ಛಾಯಾಚಿತ್ರವು ಮನೆಮಾರಾಟಕ್ಕೆ ಕಾಲಿಡುವ ಮೊದಲೇ ಬರೆದ ಈ ವಾಕ್ಯದಲ್ಲಿ ಇಂದಿನ ಪ್ರಶ್ನೆ ಅಡಗಿದೆ. ಬಿರುಕನ್ನು ಅಳಿಸಿದ ಚಿತ್ರವನ್ನು ಮಾರುವವನೇ ಕಳುಹಿಸಿದ ಮೇಲೆ, ಕೊಳ್ಳುವವನ ‘ಸಾಮಾನ್ಯ ಎಚ್ಚರಿಕೆ’ಯ ಅಳತೆ ಯಾವುದು? ಚಿತ್ರವು ಆ ಎಚ್ಚರಿಕೆಯನ್ನೇ ಮಲಗಿಸಿದ್ದರೆ ಅದರ ಹೊಣೆ ಮಾರುವವನದೇ ಆಗಬೇಕೆಂದು ನಮ್ಮ ಅಭಿಪ್ರಾಯ.

೭

ಮೇಲಿನ ವಿಚಾರದಿಂದ ಆಚರಣೆಗೆ ಮೂರು ನಿಯಮಗಳು ಫಲಿಸುತ್ತವೆ. ಒಂದು, ಸ್ಥಳದಲ್ಲಿ ನಿಂತ ಕಣ್ಣು ಕಾಣಬಹುದಾದುದನ್ನು ಕಾಣಿಸುವ ಮಟ್ಟಿಗೆ ಬೆಳಕನ್ನೂ ರೇಖೆಯನ್ನೂ ತಿದ್ದಬಹುದು. ಅದು ಮಾರುವವನ ಹಕ್ಕು, ನೋಡುವವನಿಗೂ ಉಪಕಾರ. ಎರಡು, ಸ್ಥಳದಲ್ಲಿ ಇಲ್ಲದ ವಸ್ತುವನ್ನು ಹೂಡಿದರೆ ಇದು ಕಲ್ಪಿತವೆಂದು ಚಿತ್ರದ ಮೇಲೆಯೇ ಬರೆಯಬೇಕು, ಮೂಲಚಿತ್ರವನ್ನೂ ಪಕ್ಕದಲ್ಲಿ ಇಡಬೇಕು. ಮೂರು, ಗೋಡೆ, ಮಾಳಿಗೆ, ನೆಲ ಇವುಗಳ ಮೈಯನ್ನು ಯಂತ್ರದಿಂದ ಮುಟ್ಟಿಸಲೇಬಾರದು. ಗುರುತು ಹಾಕಿದರೂ ಸಲ್ಲದು. ಮಂಚ, ಪರದೆಗಳನ್ನು ಕೊಳ್ಳುವವನು ಮುಂದೆ ತಂದುಕೊಳ್ಳಬಲ್ಲ. ಗೋಡೆಯನ್ನು ಅವನು ಇದ್ದಂತೆಯೇ ಕೊಳ್ಳುತ್ತಾನೆ.

ಈ ನಿಯಮಗಳು ವ್ಯಾಪಾರಕ್ಕೆ ಅಡ್ಡಿಯೆಂದು ಕೆಲವರಿಗೆ ತೋರಬಹುದು. ವಾಸ್ತವವಾಗಿ ಅವು ವ್ಯಾಪಾರದ ಮೂಲಧನವನ್ನು ಕಾಪಾಡುತ್ತವೆ. ಛಾಯಾಚಿತ್ರಕ್ಕೆ ಬೆಲೆ ಬಂದುದು ಅದು ವಿದ್ಧವೆಂಬ ನಂಬಿಕೆಯಿಂದ. ಎಲ್ಲ ಮನೆಗಳ ಚಿತ್ರಗಳೂ ಒಂದೇ ನೀಲಿ ಆಕಾಶ, ಒಂದೇ ನುಣುಪು ಗೋಡೆಗಳಿಂದ ತುಂಬಿದ ದಿನ, ನಿಜವಾಗಿ ಗಟ್ಟಿಯಾದ ಮನೆಯ ಮಾಲೀಕನಿಗೆ ತನ್ನ ಗೋಡೆ ಗಟ್ಟಿಯೆಂದು ಚಿತ್ರದಿಂದ ತೋರಿಸುವ ದಾರಿಯೇ ಉಳಿಯದು. ಆಗ ಹೆಚ್ಚು ನಷ್ಟವಾಗುವುದು ಅವನಿಗೆ.

ಕಾಲೇಜುಗಳ ಅಧ್ಯಾಪಕರು ಈ ವಿಷಯವನ್ನು ತರಗತಿಯಲ್ಲಿ ಎತ್ತಿಕೊಳ್ಳಬಹುದೆಂದು ಸೂಚಿಸಿ ಈ ಲೇಖನವನ್ನು ಮುಗಿಸಬಹುದು. ಪಾಠಶುದ್ಧಿ, ಪ್ರಕ್ಷೇಪ, ಊಹೆ ಎಂಬ ಶಬ್ದಗಳನ್ನು ನಾವು ಪಂಪ, ರನ್ನರ ಹಸ್ತಪ್ರತಿಗಳಿಗೆ ಮಾತ್ರ ಮೀಸಲಿಟ್ಟಿದ್ದೇವೆ. ವಿದ್ಯಾರ್ಥಿಯ ಮನೆಯವರು ನಾಳೆ ಕೊಳ್ಳಲಿರುವ ಮನೆಯ ಚಿತ್ರಕ್ಕೂ ಅವು ಅಷ್ಟೇ ಅವಶ್ಯವಾಗಿವೆ. ಅಂಥದೊಂದು ಚಿತ್ರವನ್ನು ಮುಂದಿಟ್ಟುಕೊಂಡು, ಇದರಲ್ಲಿ ಬೆಳಕಿನಿಂದ ಬಂದುದು ಯಾವುದು, ಊಹೆಯಿಂದ ಬಂದುದು ಯಾವುದು ಎಂದು ವಿಂಗಡಿಸಲು ಕಲಿತ ವಿದ್ಯಾರ್ಥಿಯು ಹಸ್ತಪ್ರತಿಯ ಮುಂದೆ ಕುಳಿತಾಗಲೂ ಅದೇ ಪ್ರಶ್ನೆಯನ್ನು ಮರೆಯದೆ ಕೇಳಬಲ್ಲನು.